ನಿಮ್ಮ ಮಾವನ ಮಡಿಲಕ್ಕಿ

ಪುಟ್ಟಿ, ಚಿನ್ನು,

ಶಾಲೆಯಲ್ಲಿ ನಿಮಗೆ ಬೇರೆ ಹೆಸರುಗಳಿವೆ. ಅಜ್ಜಿಯ ಬಾಯಿಗೆ ಬರುವುದು ಇವೇ. ಎದುರಿಗೆ ಕೂರಿಸಿಕೊಂಡು ಹೇಳುವುದನ್ನು ಬಿಟ್ಟು ಅಜ್ಜಿ ಬರೆದು ಕೊಡುತ್ತಿದ್ದಾಳಲ್ಲ ಎಂದು ನಗಬೇಡಿ. ನಾಲ್ಕು ಜನ ನನ್ನ ಮುಖ ನೋಡಿದರೆ ನನಗೆ ಮಾತು ತಪ್ಪುತ್ತದೆ. ನಾಯಕನಹಟ್ಟಿ ಹತ್ತಿರದ ನಮ್ಮೂರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದೆ. ಮೇಷ್ಟ್ರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದರೂ ಎದ್ದು ನಿಂತು ಹೇಳುತ್ತಿರಲಿಲ್ಲ, ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ಆ ಅಭ್ಯಾಸ ಈಗಲೂ ಹೋಗಿಲ್ಲ.

ನಿಮ್ಮ ಮಾವನ, ಎಂದರೆ ನನ್ನ ಮಗನ ಬಗ್ಗೆ ಬರೆಯಬೇಕು. ಅವನಿಗೆ ಒಂದು ಟ್ರಸ್ಟ್ ಇದೆ, ಅದಕ್ಕೆ ನಿಮ್ಮವ್ವ ಟ್ರಸ್ಟಿ ಎನ್ನುವುದು ನಿಮಗೆ ಗೊತ್ತು. ಅದು ಹೇಗೆ ಆಯಿತು ಎನ್ನುವುದು ಗೊತ್ತಿಲ್ಲ. ಪುಟ್ಟಿ, ಅದು ತೀರ್ಮಾನವಾದ ದಿನ ನೀನು ಇದ್ದೆ. ಆದರೆ ಮಗ್ಗದ ಕೆಳಗೆ ತೆವಳಿ ಹೋಗುವ ವಯಸ್ಸು. ಚಿನ್ನು ಇನ್ನೂ ಹುಟ್ಟಿರಲಿಲ್ಲ.

ನಿಮ್ಮ ಮಾವ ಹುಟ್ಟಿದಾಗ ಎಲ್ಲ ಮಕ್ಕಳ ಹಾಗೆಯೇ ಇದ್ದ. ಕೂರುವ ಹೊತ್ತಿಗೆ ಕೂರಲಿಲ್ಲ, ಮಾತು ಬರುವ ಹೊತ್ತಿಗೆ ಮಾತು ಬರಲಿಲ್ಲ. ಬುದ್ಧಿ ಬೆಳೆಯುವುದಿಲ್ಲ ಎಂದು ಬಳ್ಳಾರಿಯ ಡಾಕ್ಟರು ಹೇಳಿದ ದಿನ ನಿಮ್ಮ ತಾತ ಬಸ್ಸಿನಲ್ಲಿ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದರು. ರಾಂಪುರದಲ್ಲಿ ಬಸ್ಸು ನಿಂತಾಗ ಇಳಿದು ಹೋಗಿ ಮಗನಿಗೆ ಬಾಳೆಹಣ್ಣು ತಂದರು. ಅವನು ಸಿಪ್ಪೆ ಸಮೇತ ಕಚ್ಚಿದ. ತಾತ ನಕ್ಕರು. ನಾನೂ ನಕ್ಕೆ. ಆಮೇಲೆ ಆ ವಿಷಯದಲ್ಲಿ ನಾವಿಬ್ಬರೂ ಅಳಲಿಲ್ಲ.

ತಾತನದು ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆಯ ವ್ಯಾಪಾರ. ನೇಕಾರರಿಗೆ ನೂಲು ಕೊಟ್ಟು ಸೀರೆ ನೇಯಿಸುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲೂ ಎರಡು ಮಗ್ಗ. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಕೂರುವ ಸಣ್ಣ ಕಡ್ಡಿಗೆ ರಾಟೆಯಿಂದ ನೂಲು ಸುತ್ತಬೇಕು, ಅದಕ್ಕೆ ಕಂಡಿಕೆ ಸುತ್ತುವುದು ಎನ್ನುತ್ತಾರೆ. ಸಾಮಾನ್ಯವಾಗಿ ಅದು ಮನೆಯ ಹೆಂಗಸರ ಕೆಲಸ. ನಿಮ್ಮ ಮಾವ ಚಿಕ್ಕವನಿದ್ದಾಗ ರಾಟೆಯ ಪಕ್ಕದಲ್ಲಿ ಕೂರಿಸಿದರೆ ಗಲಾಟೆ ಮಾಡದೆ ಕೂರುತ್ತಿದ್ದ. ಒಂದು ದಿನ ನಾನು ಹಾಲು ಉಕ್ಕಿತೆಂದು ಎದ್ದು ಹೋಗಿ ಬರುವಷ್ಟರಲ್ಲಿ ತಾನೇ ರಾಟೆ ತಿರುಗಿಸುತ್ತಿದ್ದ. ನೂಲು ಹರಿದಿರಲಿಲ್ಲ. ಅಲ್ಲಿಂದ ಅದು ಅವನ ಕೆಲಸವಾಯಿತು. ಮಗ್ಗದಲ್ಲಿ ಕೂತ ನೇಕಾರ ಆಂಧ್ರದ ಕಡೆಯವನು. 'ಏಂ ನಾಯನಾ, ಕಂಡಿಕೆ ಆಯ್ತಾ?' ಎಂದು ಕೈ ಚಾಚಿದರೆ ಇವನು ಹೆಮ್ಮೆಯಿಂದ ಎದ್ದು ಹೋಗಿ ಕೊಡುತ್ತಿದ್ದ. ಶನಿವಾರ ನೇಕಾರರಿಗೆ ಕೂಲಿ ಕೊಡುವಾಗ ತಾತ ಇವನನ್ನೂ ಸಾಲಿನಲ್ಲಿ ನಿಲ್ಲಿಸಿ ಇವನ ಕೈಗೂ ಕೂಲಿ ಇಡುತ್ತಿದ್ದರು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮೂಲೆಯ ಹೋಟೆಲಿಗೆ ಹೋಗಿ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬರುತ್ತಿದ್ದ. ಬಜ್ಜಿಯ ಖಾರಕ್ಕೆ ಕಣ್ಣಲ್ಲಿ ನೀರು ಸುರಿದರೂ ಬಿಡುತ್ತಿರಲಿಲ್ಲ.

ತಾತ ಇದ್ದಕ್ಕಿದ್ದಂತೆ ಹೋದರು. ಎದೆನೋವು ಎಂದರು, ನೀರು ತರುವಷ್ಟರಲ್ಲಿ ಇರಲಿಲ್ಲ. ನಿಮ್ಮವ್ವನನ್ನು ಆಗಲೇ ಚಳ್ಳಕೆರೆಗೆ ಮದುವೆ ಮಾಡಿ ಕೊಟ್ಟಿದ್ದೆವು. ಮನೆಯಲ್ಲಿ ನಾನು ಮತ್ತು ನಿಮ್ಮ ಮಾವ. ವ್ಯಾಪಾರವನ್ನು ನನ್ನ ಬಾವ, ಎಂದರೆ ನಿಮ್ಮ ತಾತನ ಅಣ್ಣ, ನೋಡಿಕೊಂಡರು. ಬಾವ ಒಳ್ಳೆಯವರು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಂಥ ಕತೆಗಳಲ್ಲಿ ಬಾವನೆಂದರೆ ಕೆಟ್ಟವನಿರಬೇಕು ಎಂದು ಜನ ಕಾಯುತ್ತಾರೆ.

ಆದರೆ ಬಾವನಿಗೂ ಒಂದೇ ದಾರಿ ಗೊತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ ಅಂದರು: 'ನಿನ್ನ ಹಿಂದೆ ಇವನ ಗತಿ ಏನು ಅಂತ ಚಿಂತೆ ಬ್ಯಾಡಮ್ಮ. ಆರು ತಿಂಗ್ಳು ನಮ್ಮನೆ, ಆರು ತಿಂಗ್ಳು ಅವನ ಸೋದರಮಾವನ ಮನೆ. ಹೆಂಗೋ ನಡೀತೈತೆ.'

ನಮ್ಮ ಕಡೆ ವಯಸ್ಸಾದ ತಂದೆತಾಯಿಯನ್ನು ಅಣ್ಣತಮ್ಮಂದಿರು ಹೀಗೆ ಸರದಿಯ ಮೇಲೆ ಇಟ್ಟುಕೊಳ್ಳುವುದುಂಟು. ಅದರಲ್ಲಿ ಯಾರಿಗೂ ತಪ್ಪು ಕಾಣುವುದಿಲ್ಲ. ನಾನು ತಲೆಯಾಡಿಸಿ ಸಾರು ಬಡಿಸಿದೆ. ಆದರೆ ನಿಮ್ಮ ಮಾವ ಬೇರೆ ಮನೆಯಲ್ಲಿ ಒಂದು ರಾತ್ರಿ ಇದ್ದರೂ ಬೆಳಿಗ್ಗೆ ಎದ್ದು ಬಾಗಿಲು ಎಲ್ಲಿದೆ ಎಂದು ಗೋಡೆ ತಡವುತ್ತಾನೆ. ಆರು ತಿಂಗಳಿಗೊಮ್ಮೆ ಅವನು ಗೋಡೆ ತಡವುವುದು ನನ್ನ ಕಣ್ಣಿಗೆ ಕಟ್ಟಿತು.

ಆ ವರ್ಷವೇ ಚಳ್ಳಕೆರೆಯ ಆಸ್ಪತ್ರೆಯಲ್ಲಿ ಅಂಗವಿಕಲರಿಗೆ ಸರ್ಟಿಫಿಕೇಟ್ ಕೊಡುವ ಕ್ಯಾಂಪ್ ಇತ್ತು. ಬೆಳಗಿನ ಬಸ್ಸಿಗೆ ಮಗನನ್ನು ಕರೆದುಕೊಂಡು ಹೋದೆ. ಸಾಲಿನಲ್ಲಿ ನನ್ನ ಮುಂದೆ ಒಬ್ಬ ಮುಸ್ಲಿಂ ಹೆಂಗಸು. ಅವರ ಮಗಳಿಗೆ ನಡೆಯಲು ಬಾರದು, ಮಾತೂ ಇಲ್ಲ. ಹುಡುಗಿಯನ್ನು ಕೂರಿಸಿದ್ದ ಗಾಡಿ ಅಂಗಡಿಯದಲ್ಲ. ಗಂಡ ಮೆಕ್ಯಾನಿಕ್, ಗ್ಯಾರೇಜಿನಲ್ಲಿ ಸೈಕಲ್ ಚಕ್ರ ಹಾಕಿ ತಾನೇ ಮಾಡಿದ್ದರಂತೆ.

'ಭಾಳ ಚೆನ್ನಾಗೈತೆ,' ಅಂದೆ. ಗುರುತಿಲ್ಲದವರ ಜೊತೆ ಅಷ್ಟು ಮಾತಾಡಿದ್ದೇ ನನಗೆ ಹೆಚ್ಚು.

'ಏನ್ ಚೆನ್ನಾಗೈತಮ್ಮಾ! ಊರೋರ ಲಾರಿಗೆಲ್ಲ ಬ್ರೇಕ್ ಹಾಕ್ತಾರೆ, ಮಗಳ ಗಾಡಿಗೆ ಹಾಕೋದು ಮರ್ತವ್ರೆ ನಮ್ಮ ಯಜಮಾನ್ರು. ಇಳಿಜಾರು ಬಂದ್ರೆ ನಾನೇ ಬ್ರೇಕು.'

ನಿಮ್ಮ ಮಾವ ಆ ಗಾಡಿಯ ಚಕ್ರದ ಕಡ್ಡಿಗಳನ್ನೇ ನೋಡುತ್ತ ನಿಂತ. ರಾಟೆಯೆಂದು ತಿಳಿದನೋ ಏನೋ, ಮೆಲ್ಲಗೆ ಕೈಯಿಟ್ಟು ತಿರುಗಿಸಲು ನೋಡಿದ. ಹುಡುಗಿ ಗಾಡಿಯಲ್ಲಿ ಕೂತು ಕೇಕೆ ಹಾಕಿ ನಕ್ಕಿತು. ಹಾಗೆ ನಮಗೆ ಮಾತು ಬೆಳೆಯಿತು.

'ನಿಮ್ಮ ಹಿಂದೆ ಇವನಿಗೆ ಯಾರಮ್ಮಾ?' ಎಂದು ಅವರು ನೇರವಾಗಿ ಕೇಳಿದರು. ಹಾಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಎಲ್ಲರೂ ಹೆಂಗೋ ನಡೀತೈತೆ ಎಂದಷ್ಟೇ ಹೇಳುತ್ತಿದ್ದರು. ನಾನು ಮಗನ ಅಂಗಿಯ ಕಾಲರು ಸರಿ ಮಾಡಿದೆ. ಅವರೇ ಹೇಳಿದರು: 'ಫಿಕರ್ ಮಾಡ್ಬ್ಯಾಡ್ರಿ. ನಾವು ನಮ್ಮ ಗ್ಯಾರೇಜ್ ಜಾಗ ಇವಳಿಗೆ ಟ್ರಸ್ಟ್ ಮಾಡಿಸಿದ್ವಿ. ಬಾಡಿಗೆ ಇವಳ ಖರ್ಚಿಗೆ. ನೋಡ್ಕೊಳ್ಳೋಕೆ ಇಬ್ರು ಮೂವರು. ಯಾರೂ ಮಾರಂಗಿಲ್ಲ.'

'ಟ್ರಸ್ಟ್ ಅಂದ್ರೆ ಮಠಕ್ಕೆ, ಸ್ಕೂಲಿಗೆ ಮಾಡೋದಲ್ವಾ?'

'ನಾನೂ ಹಂಗೇ ಅಂದ್ಕಂಡಿದ್ದೆ. ಒಂದು ಮಗೂಗೂ ಮಾಡ್ಬೋದಂತೆ. ನಾವು ಸತ್ರೂ ಅದು ಸಾಯಂಗಿಲ್ಲಂತೆ, ಅಮ್ಮಾ. ನನಗೆ ಅಷ್ಟು ಸಾಕಾಯ್ತು.'

ವಕೀಲರ ಮನೆ ಎಲ್ಲಿ ಎಂದೂ ಅವರೇ ತೋರಿಸಿದರು. ಅವರ ಮಗಳ ಗಾಡಿಯನ್ನು ದಾರಿಯ ಇಳಿಜಾರಿನಲ್ಲಿ ನಾನೂ ಒಂದು ಕೈ ಹಿಡಿದುಕೊಂಡೆ.

ಮುಂದಿನ ವಾರ ಬಾವನ ಜೊತೆ ವಕೀಲರ ಹತ್ತಿರ ಹೋದೆ. ನಿಮ್ಮ ತಾತ ಚಳ್ಳಕೆರೆಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಳಿಗೆ ತೆಗೆದುಕೊಂಡಿದ್ದರು. ಬಿತ್ತನೆ ಬೀಜದ ಅಂಗಡಿಯವರು ಬಾಡಿಗೆಗಿದ್ದರು. ಅದನ್ನು ಮಗನಿಗಾಗಿ ಇಡಬೇಕು ಎಂದು ಬಾವ ಹೇಳಿದರು. ವಕೀಲರು ನಿಧಾನವಾಗಿ ತಿಳಿಸಿ ಹೇಳಿದರು. ಮಳಿಗೆ ತಾತನ ಹೆಸರಿನಲ್ಲಿದೆ, ಹಾಗಾಗಿ ಈಗ ಅದರಲ್ಲಿ ನನಗೆ, ಮಗನಿಗೆ, ಮಗಳಿಗೆ ಮೂರು ಪಾಲು. ಮಗನ ಪಾಲನ್ನು ಕೋರ್ಟಿನ ಅಪ್ಪಣೆಯಿಲ್ಲದೆ ಯಾರೂ ಮುಟ್ಟುವಂತಿಲ್ಲ. ನನ್ನ ಪಾಲನ್ನು ನಾನು ಟ್ರಸ್ಟಿಗೆ ಹಾಕಬಹುದು. ಮಗಳು ತನ್ನ ಹಕ್ಕು ಬಿಟ್ಟುಕೊಟ್ಟರೆ ಅದೂ ನನ್ನದಾಗುತ್ತದೆ, ಆಗ ಅದನ್ನೂ ಸೇರಿಸಬಹುದು. ನೋಡಿಕೊಳ್ಳಲು ನಂಬಿಕೆಯ ಜನ ಬೇಕು, ಅವರೇ ಟ್ರಸ್ಟಿಗಳು.

'ಯಾರ್ಯಾರು?' ಎಂದು ಕೇಳಿದರು.

'ನಾನೊಬ್ಬ, ಅವನ ಸೋದರಮಾವ ಒಬ್ಬ,' ಅಂದರು ಬಾವ.

'ಮಗಳಿದ್ದಾರಲ್ಲ? ಇದೇ ಊರಲ್ಲೇ ಇದ್ದಾರೆ ಅಂದ್ರಿ.'

ಬಾವ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. 'ಕೊಟ್ಟ ಹೆಣ್ಮಗಳು, ಸಾರ್,' ಎಂದರು ಬಾವ. 'ಅವರ ಮನೇಗೆ ಯಾಕೆ ಭಾರ?' ನಾನು ಹೌದೆಂದು ತಲೆಯಾಡಿಸಿದೆ. ವಕೀಲರು ಮುಂದೆ ಕೇಳಲಿಲ್ಲ.

ನನ್ನ ಮನಸ್ಸಿನಲ್ಲಿದ್ದದ್ದು ಮಗಳ ಮೇಲಿನ ಪ್ರೀತಿಯೇ. ಗಂಡನ ಮನೆಯಲ್ಲಿ ಅವಳು ಚೆನ್ನಾಗಿ ಬಾಳಲಿ, ತವರಿನಿಂದ ಒಂದು ಕಷ್ಟವೂ ಅವಳ ಹಿಂದೆ ಬರದಿರಲಿ ಎಂದೇ ನಾನು ಬಯಸಿದ್ದು. ನನ್ನ ತಾಯಿಯೂ ನನ್ನನ್ನು ಹಾಗೆಯೇ ಕಳಿಸಿದ್ದಳು.

ನಮ್ಮಲ್ಲಿ ಹೆಣ್ಣುಮಗಳು ತವರಿನ ಆಸ್ತಿಯಲ್ಲಿ ಹಕ್ಕು ಬಿಟ್ಟುಕೊಟ್ಟರೆ ಅವಳಿಗೆ ಬರಿಗೈಯಲ್ಲಿ ಸಹಿ ಮಾಡಿಸುವುದಿಲ್ಲ. ಸೀರೆ ಉಡಿಸಿ, ಅರಿಶಿನ ಕುಂಕುಮ ಕೊಟ್ಟು, ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ ಹುಯ್ದು ಮಡಿಲು ತುಂಬುತ್ತಾರೆ. ಆ ಮಡಿಲಕ್ಕಿಯಲ್ಲಿ ಒಂದಿಷ್ಟನ್ನು ಅವಳು ತವರಿನಲ್ಲೇ ಬಿಟ್ಟು ಹೋಗಬೇಕು. ಆಯಿತು, ಲೆಕ್ಕ ಮುಗಿಯಿತು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಎಲ್ಲರಿಗೂ ಗೊತ್ತಿರುತ್ತದೆ.

ಸೀರೆಯನ್ನು ನಮ್ಮ ಮಗ್ಗದಲ್ಲೇ ನೇಯಿಸಿದೆ. ಈರುಳ್ಳಿ ಸಿಪ್ಪೆಯ ಬಣ್ಣ, ಹಸಿರು ಅಂಚು. ಅದರ ಕಂಡಿಕೆಯನ್ನೆಲ್ಲ ನಿಮ್ಮ ಮಾವನೇ ಸುತ್ತಿದ. 'ಅಕ್ಕಂಗೆ,' ಎಂದು ಹೇಳಿಕೊಟ್ಟಿದ್ದೆ. ದಿನವೂ ರಾಟೆಗೆ ಕೂರುವ ಮೊದಲು 'ಅಕ್ಕ' ಎಂದು ಒಂದು ಸಲ ಅಂದು ಕೂರುತ್ತಿದ್ದ.

ನಿಮ್ಮವ್ವನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: ಒಂದು ಸಹಿ ಬೇಕು, ಮಗೂನ ಕರ್ಕಂಡು ಬಾ. ಬಂದಳು. ಸೀರೆ ನೋಡಿ ಖುಷಿಪಟ್ಟು ಉಟ್ಟುಕೊಂಡಳು. ಬಾವನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವರು ಮೊರದಲ್ಲಿ ಅಕ್ಕಿ ಹಿಡಿದುಕೊಂಡು ಬಂದರು. ಗಂಡ ಹೋದವಳು ಮಡಿಲು ತುಂಬಬಾರದು ಎನ್ನುವುದರಿಂದ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

'ಹಬ್ಬಿಲ್ಲ ಹುಣ್ಣಿಮಿಲ್ಲ, ಇದ್ಯಾಕೆ ದೊಡ್ಡವ್ವ ಮಡ್ಲಕ್ಕಿ?' ಎಂದು ನಗುತ್ತಲೇ ಸೆರಗು ಒಡ್ಡಿದಳು.

ಅಕ್ಕಿ ಹುಯ್ದಾಯಿತು. ಬಾವ ಕಾಗದ ಮುಂದಿಟ್ಟರು. ನಿಮ್ಮವ್ವ ಒಂದು ಕೈಯಲ್ಲಿ ಸೆರಗಿನ ಗಂಟು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಕಾಗದ ಹಿಡಿದು, ಮೇಲಿನಿಂದ ಕೆಳಗಿನವರೆಗೆ ಓದಿದಳು. ಟ್ರಸ್ಟಿನ ವಿಷಯ ಬಾವ ವಿವರಿಸಿದರು. ಯಾರು ನೋಡಿಕೊಳ್ಳುತ್ತಾರೆ ಎಂದೂ ಹೇಳಿದರು. ಅವಳು ಕಾಗದ ಕೆಳಗಿಟ್ಟಳು.

'ನಾನು ಸಹಿ ಹಾಕಲ್ಲ.'

ಮಗ್ಗದ ಕೋಣೆಯಲ್ಲಿ ಲಾಳಿಯ ಸದ್ದು ನಿಂತಿತು. ಅಳಿಯನ ಮನೆಯವರು ಹೇಳಿಕೊಟ್ಟು ಕಳಿಸಿದ್ದಾರೆಯೇ? ಮಳಿಗೆ ಹೋದರೆ ನನ್ನ ಮಗನಿಗೆ ಇನ್ನೇನಿದೆ? ಇಷ್ಟೂ ಒಂದೇ ಉಸಿರಿನಲ್ಲಿ ತಲೆಯೊಳಗೆ ಓಡಿತು.

'ನಾ ಮೊದ್ಲೇ ಅನ್ಲಿಲ್ವಾ?' ಎಂದರು ಅಕ್ಕ, ಬಾವನ ಕಡೆ ತಿರುಗಿ. 'ಪಾಲು ಅಂದ್ರೆ ಹೆಣ್ಮಕ್ಳಿಗೂ ಕಣ್ಣು ಅರಳ್ತವೆ.'

ನಿಮ್ಮವ್ವ ಎದ್ದಳು. ಸೆರಗನ್ನು ಹಾಗೆಯೇ ಹಿಡಿದುಕೊಂಡು ಮಗ್ಗದ ಕೋಣೆಗೆ ಹೋದಳು. ನಾವೆಲ್ಲ ಹಿಂದೆ ಹೋದೆವು. ನಿಮ್ಮ ಮಾವ ರಾಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದ, ಲುಂಗಿ ತೊಡೆಯ ಮೇಲೆ ಜೋಳಿಗೆಯಂತೆ ಹರಡಿತ್ತು. ಅವಳು ಅವನ ಎದುರಿಗೆ ಕೂತು, ಗಂಟು ಬಿಚ್ಚಿ, ಆ ಅಕ್ಕಿಯನ್ನೆಲ್ಲ ಅವನ ಮಡಿಲಿಗೆ ಸುರಿದಳು.

ಅವನು ಅಕ್ಕಿ ನೋಡಿದ. ತನ್ನ ಅಕ್ಕನನ್ನು ನೋಡಿದ. ಕೈಯಾಡಿಸಿ ಬೆಲ್ಲ ಹುಡುಕಿ ಬಾಯಿಗೆ ಹಾಕಿಕೊಂಡ. ಕೊಬ್ಬರಿ ಬಟ್ಟಲನ್ನು ಎತ್ತಿ ನೇಕಾರನಿಗೆ ಕೊಟ್ಟ, ಕಂಡಿಕೆ ಕೊಡುವ ಹಾಗೆಯೇ.

'ಗಂಡಸಿಗೆ ಮಡ್ಲಕ್ಕಿ ಹುಯ್ಯೋದು ಎಲ್ಲಾದ್ರೂ ಐತೇನೆ, ಹುಚ್ಚಿ!' ಎಂದು ಅಕ್ಕ ಬಾಯಿಯ ಮೇಲೆ ಕೈಯಿಟ್ಟರು.

'ನಂಗೆ ಹುಯ್ದು ತವರು ಮುಗೀತು ಅಂತೀರಲ್ಲ, ಇವನಿಗೆ ಯಾರು ಹುಯ್ತಾರೆ ದೊಡ್ಡವ್ವ?' ನಿಮ್ಮವ್ವನ ದನಿ ಏರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು. 'ಅವ್ವ, ನನ್ನ ಪಾಲು ನಾನು ನಿಂಗೆ ಬಿಟ್ಟುಕೊಡಲ್ಲ. ಇವನಿಗೆ ನಾನೇ ಇಡ್ತೀನಿ, ನನ್ನ ಕೈಯಾರೆ. ಆ ಟ್ರಸ್ಟಿನಾಗೆ ನಾನೂ ಇರ್ತೀನಿ.'

ನನಗೆ ಬಾಯಿಂದ ಬಂದದ್ದು ಒಂದೇ ಮಾತು: 'ನಿಮ್ಮನೇರು ಏನಂತಾರೋ?'

'ನಮ್ಮನೇರ ಮಾತು ಆಮೇಲೆ. ನೀನು ನನ್ನ ಒಂದ್ಸಾರಿ ಕೇಳ್ಬೋದಿತ್ತಲ್ಲ, ಅವ್ವ.'

ಅವಳು ಹೇಳಿದ್ದು ಸರಿ. ಬೇಡವೆಂದು ಹೇಳುವ ಹಕ್ಕನ್ನಾದರೂ ಅವಳಿಗೆ ಕೊಡಬೇಕಿತ್ತು. ಭಾರ ಎಂದು ನಾನೇ ತೀರ್ಮಾನ ಮಾಡಿ, ಅವಳ ತಮ್ಮನನ್ನು ಅವಳ ಹೆಗಲಿನಿಂದ ಇಳಿಸಿಬಿಟ್ಟಿದ್ದೆ.

ಮೊದಲು ನಕ್ಕವರು ಬಾವ. 'ವಕೀಲ್ರು ಅವತ್ತೇ ಅಂದ್ರು. ನಾವಿಬ್ರೂ ಹೂಂ ಅನ್ಲಿಲ್ಲ ನೋಡಮ್ಮ,' ಎಂದು ನನಗೆ ಹೇಳಿ ಕಾಗದ ಮಡಚಿದರು. 'ನಂಗೂ ವಯಸ್ಸಾಯ್ತು. ಇವನು ನನಗಿಂತ ಗಟ್ಟಿ ಅವನೆ. ನನ್ನ ನಂಬ್ಕಂಡ್ರೆ ಅವನೇ ನನ್ನ ನೋಡ್ಕೋಬೇಕಾಗ್ತೈತೆ.' ಅಕ್ಕನೂ ನಕ್ಕರು. ಪುಟ್ಟಿ, ಆ ಗಲಾಟೆಯಲ್ಲಿ ನೀನು ಮಾವನ ಮಡಿಲಿಗೆ ಕೈಹಾಕಿ ಅಕ್ಕಿಯನ್ನು ನೇಕಾರ ಕಾಲು ಇಳಿಬಿಡುವ ಮಗ್ಗದ ಗುಂಡಿಗೆಲ್ಲ ಎರಚಿದೆ. ಎಷ್ಟು ಗುಡಿಸಿದರೂ ಹೋಗದೆ, ಎಷ್ಟೋ ದಿನ ಅಲ್ಲಿ ಇರುವೆ ಸಾಲು ಇತ್ತು.

ನಿಮ್ಮ ಅಪ್ಪ ಮುಂದಿನ ಭಾನುವಾರ ಬಂದರು. ಅವರು ಎಣ್ಣೆ ಮಿಲ್ಲಿನವರು, ಮಾತು ನನಗಿಂತ ಕಡಿಮೆ. ಬೈಯಲು ಬಂದಿದ್ದಾರೆಂದೇ ನಾನು ಟೀ ಲೋಟವನ್ನು ದೂರದಿಂದ ಇಟ್ಟೆ. ಟೀ ಕುಡಿದು, ಮಗ್ಗದ ಕೋಣೆಯನ್ನು ಇಣುಕಿ ನೋಡಿ ಬಂದು ಕೇಳಿದರು: 'ಅತ್ತೆ, ಮುಂದೆ ಯಾವಾಗಾದ್ರೂ ಅವನು ನಮ್ಮನೇಗೆ ಬಂದ್ರೆ ಮಿಲ್ಲಿನ ಸದ್ದು ಸಾಕಾಗ್ತದಾ, ಇಲ್ಲ ಮಗ್ಗಾನೂ ತರ್ಬೇಕಾ?'

'ರಾಟೆ ಒಂದಿದ್ರೆ ಸಾಕು,' ಅಂದೆ.

'ಹಂಗಾದ್ರೆ ಜಾಗ ಐತೆ,' ಎಂದು ಎದ್ದರು. ಬೀಗಿತ್ತಿ, ಎಂದರೆ ನಿಮ್ಮ ಇನ್ನೊಬ್ಬ ಅಜ್ಜಿ, ಕೆಲವು ದಿನ ನಿಮ್ಮವ್ವನ ಜೊತೆ ಮಾತು ಬಿಟ್ಟಿದ್ದರಂತೆ. ಅದನ್ನು ನಿಮ್ಮವ್ವ ನನಗೆ ಹೇಳಿದ್ದು ಅವರು ಮತ್ತೆ ಮಾತಾಡಿದ ಮೇಲೆ.

ವಕೀಲರ ಹತ್ತಿರ ಎರಡನೆಯ ಸಲ ಹೋದಾಗ ನಿಮ್ಮವ್ವ ನನ್ನ ಪಕ್ಕದಲ್ಲಿ ಕೂತಿದ್ದಳು. ಪತ್ರದಲ್ಲಿ ಮಗನ ಅನ್ನ, ಬಟ್ಟೆ, ಔಷಧ, ಇರಲು ಮನೆ ಎಂದು ಬರೆದಿತ್ತು. ಇನ್ನೇನಾದರೂ ಸೇರಿಸಬೇಕೇ ಎಂದು ವಕೀಲರು ಕೇಳಿದರು. ನನಗೆ ಹೇಳಬೇಕೆಂದಿತ್ತು, ನಿಮ್ಮವ್ವನ ಕಡೆ ನೋಡಿದೆ. ನಿಮ್ಮವ್ವ ಹೇಳಿದಳು: 'ಅವನಿಗೆ ಕಂಡಿಕೆ ಸುತ್ತೋ ಕೆಲಸ ಇರ್ಬೇಕು ಸಾರ್. ಶನಿವಾರ ಕೂಲಿ ಅವನ ಕೈಗೇ ಕೊಡ್ಬೇಕು. ಅವನೇ ಹೋಗಿ ಮಂಡಕ್ಕಿ ಮೆಣಸಿನಕಾಯಿ ತಗೋಬೇಕು.'

ವಕೀಲರು ಪೆನ್ನು ಎತ್ತಿ ಹಿಡಿದರು. 'ಮೆಣಸಿನಕಾಯಿನೂ ಬರೀಲೇನಮ್ಮ?'

'ಬರೀರಿ ಸಾರ್,' ಎಂದೆ ನಾನು. ಆ ಕೋಣೆಯಲ್ಲಿ ನಾನು ಆಡಿದ ಮೊದಲ ಮಾತು ಅದು. ಎಲ್ಲರೂ ನನ್ನನ್ನು ನೋಡಿದರು.

ಅವರು ನಕ್ಕು, ಕಾನೂನಿನ ಭಾಷೆಯಲ್ಲಿ ಹೊಂದಿಸಿ ಬರೆದರು: ಅವನಿಗೆ ಹಿಡಿಸಿದ ಕೆಲಸ, ಅದರ ಪ್ರತಿಫಲ ಅವನ ಕೈಗೆ, ಮತ್ತು ಅವನ ಸಣ್ಣಪುಟ್ಟ ಸಂತೋಷಗಳು. ಮೆಣಸಿನಕಾಯಿ ಎಂಬ ಪದ ಅದರಲ್ಲಿಲ್ಲ. ಸಣ್ಣಪುಟ್ಟ ಸಂತೋಷ ಎಂದು ಬಂದಲ್ಲೆಲ್ಲ ನೀವು ಮೆಣಸಿನಕಾಯಿ ಎಂದೇ ಓದಿಕೊಳ್ಳಿ.

ರಿಜಿಸ್ಟರ್ ಮಾಡಿಸುವ ದಿನ ಅವನನ್ನೂ ಕರೆದುಕೊಂಡು ಹೋಗಿದ್ದೆವು. ನಾವೆಲ್ಲ ಹೆಬ್ಬೆರಳು ಒತ್ತುವುದನ್ನು ಕಂಡು ತಾನೂ ಮಸಿಗೆ ಬೆರಳಿಟ್ಟ. ಕಾಗದ ದೂರದಲ್ಲಿತ್ತು, ನನ್ನ ಸೆರಗು ಹತ್ತಿರವಿತ್ತು. ಒತ್ತಿದ. ಆ ಗುರುತು ತೊಳೆದರೂ ಪೂರ್ತಿ ಹೋಗಲಿಲ್ಲ.

ಈಗ ಬಾವ ಇಲ್ಲ. ನಮ್ಮ ಮನೆಯಲ್ಲಿ ಒಂದೇ ಮಗ್ಗ ಉಳಿದಿದೆ. ಅದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಕಂಡಿಕೆ ನಿಮ್ಮ ಮಾವ ಸುತ್ತುತ್ತಾನೆ. ಹೆಚ್ಚಾದದ್ದನ್ನು ನಾನು ಅವನು ಕಾಣದ ಹಾಗೆ ಬಿಚ್ಚಿ ಮತ್ತೆ ಬುಟ್ಟಿಗೆ ಹಾಕುತ್ತೇನೆ. ಮಳಿಗೆಯ ಬಾಡಿಗೆ ಪ್ರತಿ ತಿಂಗಳು ಬರುತ್ತದೆ, ನಿಮ್ಮವ್ವ ಲೆಕ್ಕ ಇಡುತ್ತಾಳೆ. ಕಾನೂನಿನಿಂದ ಆಗುವುದು ಆಗಿದೆ. ಆದರೆ ಪತ್ರಕ್ಕೆ ಕೆಲವು ವಿಷಯ ಗೊತ್ತಿಲ್ಲ. ಸ್ನಾನದ ನೀರನ್ನು ನೀವು ಮೊದಲು ಮುಟ್ಟಿ ತೋರಿಸಿದರೆ ಮಾತ್ರ ಅವನು ಮೈಗೆ ಹುಯ್ಯಿಸಿಕೊಳ್ಳುತ್ತಾನೆ. ಬಸ್ಸಿನ ಹಾರ್ನಿಗೆ ಹೆದರುತ್ತಾನೆ, ಕಿವಿ ಮುಚ್ಚಬೇಡಿ, ಕೈ ಹಿಡಿಯಿರಿ. ಸಿಟ್ಟು ಬಂದರೆ ಮಾತಾಡಬೇಡಿ, ಪಕ್ಕದಲ್ಲಿ ಕೂತು ನೂಲಿನ ಎಳೆ ಹಿಡಿದುಕೊಳ್ಳಿ, ತಾನಾಗಿ ರಾಟೆಗೆ ಬರುತ್ತಾನೆ. ಸತ್ತವರು ಎಲ್ಲಿ ಎಂದು ಕೇಳಿದರೆ ಚಳ್ಳಕೆರೆಗೆ ಹೋಗಿದ್ದಾರೆ ಎನ್ನಬೇಡಿ. ಒಂದು ಸಲ ತಾತನ ವಿಷಯದಲ್ಲಿ ನಾನು ಹಾಗೆ ಹೇಳಿದ್ದಕ್ಕೆ, ಪ್ರತಿ ಬಸ್ಸಿಗೂ ಅವನು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. ನನ್ನ ವಿಷಯದಲ್ಲಿ, ಅಜ್ಜಿ ಇಲ್ಲ ಎಂದೇ ಹೇಳಿ. ಹೇಳಿ ಅವನ ಹತ್ತಿರ ಕೂತಿರಿ.

ನಿಮ್ಮವ್ವನ ನಂತರ ಯಾರು ಎಂದು ಪತ್ರದಲ್ಲಿ ಜಾಗ ಬಿಟ್ಟಿದೆ. ಅವಳು ಹೇಳಿದವರು ಟ್ರಸ್ಟಿ. ಮೊನ್ನೆ ಅವಳು ನಿಮ್ಮ ಹೆಸರು ಬರೆಸಲೇ ಎಂದು ನನ್ನನ್ನು ಕೇಳಿದಳು. ನಾನು ಹೇಳಿದ್ದು: ಅವರು ದೊಡ್ಡವರಾಗಲಿ, ಅವರನ್ನೇ ಕೇಳು. ನಿನ್ನನ್ನು ಕೇಳದೆ ನಾನು ಬಿಟ್ಟೆ. ಅವರನ್ನು ಕೇಳದೆ ನೀನು ಸೇರಿಸಬೇಡ.

ಹಾಗಾಗಿ ನಿಮ್ಮನ್ನು ಅವಳು ಒಂದು ದಿನ ಕೇಳುತ್ತಾಳೆ. ಆಗದು ಎಂದರೆ ಅಜ್ಜಿಗೆ ಬೇಸರವಿಲ್ಲ, ಬೇರೆ ಯಾರಾದರೂ ನಂಬಿಕೆಯವರನ್ನು ಹುಡುಕಬಹುದು. ಆಗಲಿ ಎಂದರೆ ಏನಕ್ಕೆ ಆಗಲಿ ಎನ್ನುತ್ತಿದ್ದೀರಿ ಎಂದು ತಿಳಿದು ಹೇಳಿ. ಅದಕ್ಕೇ ಇಷ್ಟು ಬರೆದದ್ದು. ಟ್ರಸ್ಟಿನ ಪತ್ರ ಬ್ಯಾಂಕಿನ ಲಾಕರಿನಲ್ಲಿದೆ, ಅದು ಕಳೆದರೆ ಕಚೇರಿಯಲ್ಲಿ ಇನ್ನೊಂದು ನಕಲು ಸಿಗುತ್ತದೆ. ಈ ಹಾಳೆಗಳಿಗೆ ನಕಲಿಲ್ಲ. ಇವನ್ನು ಮಳೆ ನೀರು ತಾಗದ ಕಡೆ, ಇಬ್ಬರ ಕೈಗೂ ಎಟುಕುವ ಕಡೆ ಇಟ್ಟುಕೊಂಡಿರಿ, ಮಕ್ಕಳೇ. ನಿಮ್ಮಲ್ಲಿ ಒಬ್ಬರು ಆಗದು ಅಂದರೂ ಬಿಸಾಡಬೇಡಿ. ಆಗಲಿ ಎಂದವರ ಕೈಗೆ ಕೊಡಿ.